ಕಂಪೌಂಡಿನ ಆಚೆಗೊಂದು ಮಡ್ಡಿ



ನಿವೃತ್ತಿಯಾದ ಮೇಲೆ ಗೋಕಾಕದ ಹೊರಗೆ, ಊರು ಮುಗಿದು ಮಡ್ಡಿ ಶುರುವಾಗುವಲ್ಲಿ ಒಂದು ಮನೆ ಕಟ್ಟಿಸಿದೆ. ಮಡ್ಡಿ ಎಂದರೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯ ಕೇಳುಗರಿಗೆ ಹೇಳುತ್ತೇನೆ: ಕಲ್ಲು ಮೇಲೆದ್ದ, ಮಣ್ಣು ತೆಳುವಾದ, ನೇಗಿಲು ಹೋಗದ ಎತ್ತರದ ನೆಲ. ಬ್ಯಾಸಗಿಯಲ್ಲಿ ಬಂಗಾರದ ಬಣ್ಣ, ಶ್ರಾವಣದಲ್ಲಿ ಮೊಣಕಾಲುದ್ದ ಹಸಿರು. ಮನೆಯ ಹಿತ್ತಲ ಗೋಡೆಗೂ ಮಡ್ಡಿಯ ಮೊದಲ ಹುಲ್ಲಿಗೂ ನಡುವೆ ಹತ್ತು ಹೆಜ್ಜೆ ಇಲ್ಲ.

ಮನೆಯಾದ ವರ್ಷ ಒಂದು ನರ್ಸರಿಗೆ ಹೋಗಿ ಗಿಡ ತಂದೆ. ಅದರಲ್ಲಿ ಒಂದು ಜಾತಿಯ ಅಲಂಕಾರದ ಹುಲ್ಲಿತ್ತು. ಅಂಗಡಿಯವರು ಅದಕ್ಕೆ ಫೌಂಟನ್ ಗ್ರಾಸ್ ಎಂದರು. ಕಾರಂಜಿಯಂತೆ ಬಾಗುವ ಎಲೆ, ಮೇಲೆ ನರಿಬಾಲದ ಹಾಗೆ ತಿಳಿಗುಲಾಬಿ ತೆನೆ. ನೀರು ಬೇಡ, ಗೊಬ್ಬರ ಬೇಡ, ದನ ತಿನ್ನುವುದಿಲ್ಲ, ಸಾಯುವುದೂ ಇಲ್ಲ ಎಂದರು. ಆ ನಾಲ್ಕೂ ಮಾತನ್ನು ಗುಣವೆಂದು ತಿಳಿದು ಆರು ಕುಂಡ ತಂದು ಹಿತ್ತಲ ಗೋಡೆಗೆ ಸಾಲಾಗಿ ಹಚ್ಚಿದೆ. ಮಡ್ಡಿಯ ಪಕ್ಕದ ಮನೆಗೆ ಹುಲ್ಲಿನ ತೋಟವೇ ಒಪ್ಪುತ್ತದೆ ಎಂಬ ಸೊಗಸು ಬೇರೆ.

ಎರಡು ವರ್ಷ ಕಳೆದು, ಮಡ್ಡಿಯಲ್ಲಿ ಕುರಿ ಮೇಯಿಸುವ ಒಬ್ಬ ಹಿರಿಯರು ಗೋಡೆಯಾಚೆ ನಿಂತು ಕೇಳಿದರು.

"ಅಕ್ಕಾರ, ಈ ಹುಲ್ಲು ನೀವ ಹಚ್ಚೀರೇನ್ರಿ?"

"ಹೌದ್ರಿ ಅಜ್ಜಾರ. ಚಂದ ಐತಲ್ರಿ?"

"ಚಂದ ಐತಿ ಖರೆ. ಕುರಿ ಮೂಸಿ ಸುದ್ದಾ ನೋಡೂದಿಲ್ಲ. ಅಲ್ಲಿ ಮ್ಯಾಲ ನಾಕ ಕಡೆ ಎದ್ದೈತಿ, ಒಮ್ಮಿ ನೋಡ್ಬರ್ರಿ."

ಹೋಗಿ ನೋಡಿದೆ. ನಾಲ್ಕಲ್ಲ, ಹನ್ನೊಂದು ಕಡೆ ಎದ್ದಿತ್ತು. ಗಾಳಿ ಬೀಸುವ ದಿಕ್ಕಿಗೆ, ನನ್ನ ಗೋಡೆಯಿಂದ ಗೆರೆ ಎಳೆದ ಹಾಗೆ. ಕಲ್ಲಿನ ಸಂದಿಯಲ್ಲಿ ಒಂದು, ಕುರಿ ಹಟ್ಟಿಯ ದಾರಿಯಲ್ಲಿ ಮೂರು. ಯಾರು ಹಚ್ಚಿದ್ದು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಆ ಹುಲ್ಲಿನ ಬೀಜಕ್ಕೆ ನವಿರಾದ ಕೂದಲಿರುತ್ತದೆ. ಗಾಳಿಗೆ ಅದು ಸಲೀಸು ಸರಕು. ಉತ್ತರ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಈ ಹುಲ್ಲು ಹವಾಯಿ ದ್ವೀಪಗಳಲ್ಲಿ, ಅಮೆರಿಕದ ಅರಿಝೋನಾದಲ್ಲಿ ತೋಟ ದಾಟಿ ಬಯಲಿಗೆ ಬಿದ್ದು ಅಲ್ಲಿಯವರ ನಿದ್ದೆ ಕೆಡಿಸಿದೆ ಎಂದು ಆಮೇಲೆ ಓದಿದೆ. ಇದರದೇ ಕೆನ್ನೇರಳೆ ಎಲೆಯ ಇನ್ನೊಂದು ತಳಿ ಬಹುಮಟ್ಟಿಗೆ ಬೀಜ ಕಟ್ಟುವುದೇ ಇಲ್ಲವಂತೆ. ನಾನು ತಂದದ್ದು ಹಸಿರು ಎಲೆಯದು.

ಇವತ್ತಿನ ಮಾತು ಹುಟ್ಟಿದ್ದು ಆ ಹನ್ನೊಂದು ಗಿಡಗಳಿಂದ.

ಮೊದಲು ಮಡ್ಡಿಯ ಬಗ್ಗೆ ಒಂದು ತಕರಾರು. ನಮ್ಮ ಹೊಲದ ಉತಾರದಲ್ಲಿ ಇಂಥ ನೆಲಕ್ಕೆ 'ಖರಾಬು' ಎಂದು ಬರೆದಿರುತ್ತದೆ. ಬ್ರಿಟಿಷರ ಕಂದಾಯದ ಲೆಕ್ಕದಲ್ಲಿ ತೆರಿಗೆ ಹುಟ್ಟದ ನೆಲ ಖರಾಬು ನೆಲ. ದೇಶದ ಮಟ್ಟದಲ್ಲೂ ಹುಲ್ಲುಗಾವಲಿನ ಬಹುಭಾಗವನ್ನು ಪಾಳುಭೂಮಿಯ ನಕಾಶೆಯಲ್ಲಿ ಸೇರಿಸಿಕೊಂಡು ಬಂದಿದ್ದೇವೆ. ಖರಾಬು ಎಂದು ಬರೆದ ಮೇಲೆ ಅದನ್ನು ಸುಧಾರಿಸಲು ಹೊರಡುವವರು ಇದ್ದೇ ಇರುತ್ತಾರೆ. ಜೂನ್ 5 ಬಂದರೆ ಗುಂಡಿ ತೋಡಿ ಸಸಿ ನೆಡುತ್ತೇವೆ, ಫೋಟೋ ತೆಗೆಸಿಕೊಳ್ಳುತ್ತೇವೆ. ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ ನಾನೂ ಮಕ್ಕಳಿಂದ ಅದನ್ನೇ ಮಾಡಿಸಿದೆ. ಮರವಿಲ್ಲದ ಜಾಗವೆಂದರೆ ಮರ ಕಳಕೊಂಡ ಜಾಗವೆಂದೇ ಕಲಿಸಿದ್ದೆ.

ಆ ಸುಧಾರಣೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ರಾಣೆಬೆನ್ನೂರು ಸಾಕ್ಷಿ. ಅಲ್ಲಿಯ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾದದ್ದು 1974ರಲ್ಲಿ, ವಿಸ್ತಾರ 119 ಚದರ ಕಿಲೋಮೀಟರ್. ಕೃಷ್ಣಮೃಗವೆಂದರೆ ನಮ್ಮ ಚಿಗರಿ, ಬಯಲಿನ ಪ್ರಾಣಿ. ಓಡಲು ಕಣ್ಣಳತೆಗೆ ತೆರೆದ ನೆಲ ಬೇಕು, ಮೇಯಲು ಗಿಡ್ಡ ಹುಲ್ಲು ಬೇಕು. ಆದರೆ ಆ ಬಯಲಿನ ಬಹುಭಾಗಕ್ಕೆ ನೀಲಗಿರಿ ನೆಟ್ಟರು. ಆ ಬಯಲಿನಲ್ಲಿ ಒಂದು ಕಾಲಕ್ಕೆ ಎರೆಭೂತ ಹಕ್ಕಿಯೂ ಇತ್ತು, ಮನುಷ್ಯನ ಸೊಂಟದೆತ್ತರದ ಹಕ್ಕಿ. ಈಗ ಅಲ್ಲಿ ಅದು ಇಲ್ಲ. ನೀಲಗಿರಿ ಹೊಸದಾಗಿ ನೆಡಬಾರದೆಂದು ನಮ್ಮ ಸರ್ಕಾರ ಆದೇಶ ಮಾಡಿದ್ದು 2017ರಲ್ಲಿ.

ಹಾಗಾದರೆ ಮಡ್ಡಿಯಲ್ಲಿ ಏನಿದೆ? ಹುಲ್ಲಿದೆ, ಅದು ಒಂದು ಹುಲ್ಲಲ್ಲ. ಶೀಗಿ ಹುಣ್ಣಿಮೆಯ ಹೊತ್ತಿಗೆ ಒಮ್ಮೆ ಮಡ್ಡಿಯಲ್ಲಿ ನಡೆದು ಬಂದು ನಿಮ್ಮ ಸೀರೆಯ ಅಂಚನ್ನೋ ಧೋತರದ ಚುಂಗನ್ನೋ ನೋಡಿ. ಕಂದು ಬಣ್ಣದ ಸೂಜಿಗಳು ಚುಚ್ಚಿಕೊಂಡಿರುತ್ತವೆ. ಅವನ್ನು ಬೈಯುತ್ತ ಕಿತ್ತು ಒಗೆಯುವ ಮೊದಲು ಒಂದನ್ನು ಅಂಗೈ ಮೇಲೆ ಇಟ್ಟುಕೊಳ್ಳಿ. ತುದಿಯಲ್ಲಿ ಚೂಪಾದ ಬೀಜ. ಬೀಜದ ಬುಡಕ್ಕೆ ಹಿಂದಕ್ಕೆ ಬಾಗಿದ ಸಣ್ಣ ರೋಮ. ಅದರ ಹಿಂದೆ ಬೆರಳುದ್ದದ ಬಾಲ, ಹಗ್ಗ ಹೊಸೆದ ಹಾಗೆ ಸುತ್ತಿಕೊಂಡದ್ದು, ನಡುವೆ ಮೊಣಕೈಯಂತೆ ಮಡಚಿದ್ದು. ಈಗ ಒಂದು ಹನಿ ನೀರು ಬಿಡಿ. ನಿಮ್ಮ ಕಣ್ಣೆದುರೇ ಬಾಲ ಹುರಿ ಬಿಚ್ಚುತ್ತ ನಿಧಾನವಾಗಿ ತಿರುಗುತ್ತದೆ. ರಾತ್ರಿಯ ಇಬ್ಬನಿಗೆ ಬಿಚ್ಚಿಕೊಂಡು, ಹಗಲಿನ ಬಿಸಿಲಿಗೆ ಮತ್ತೆ ಹೊಸೆದುಕೊಂಡು, ಬಡಿಗನ ಬೈರಿಗೆಯಂತೆ ಬೀಜವನ್ನು ಮಣ್ಣಿಗೆ ಇಳಿಸುತ್ತದೆ. ಒಮ್ಮೆ ಇಳಿದರೆ ಆ ರೋಮಗಳು ಹೊರಗೆ ಬರಗೊಡುವುದಿಲ್ಲ. ತನ್ನ ಬಿತ್ತನೆ ತಾನೇ ಮಾಡಿಕೊಳ್ಳುವ ಹುಲ್ಲಿದು. ಮೂವತ್ತು ವರ್ಷ ಇದನ್ನು ಕಾಲುಚೀಲದಿಂದ ಕಿತ್ತೊಗೆದಿದ್ದೆ, ಹನಿ ನೀರು ಬಿಟ್ಟು ನೋಡಿದ್ದು ಮಾತ್ರ ಅರವತ್ತು ದಾಟಿದ ಮೇಲೆ.

ಇಂಥ ಹುಲ್ಲಿನ ನಡುವೆಯೇ ಬುರ್ಲಿ, ಗೌಜಿಗ ಗೂಡು ಮಾಡುವುದು, ನೆಲದ ಮೇಲೆಯೇ. ಇದನ್ನು ನಂಬಿಯೇ ಕುರಿಗಾರರ ಹಿಂಡು, ಆ ಹಿಂಡಿನಿಂದ ಕಂಬಳಿ.

ಈ ಹುಲ್ಲುಗಾವಲು ಒಮ್ಮೆ ಕೆಟ್ಟರೆ ಮರಳಿ ತರುವುದು ಎಷ್ಟು ಕಷ್ಟ ಎಂಬುದಕ್ಕೆ ದೂರದ ಒಂದು ಮಾತು ಹೇಳುತ್ತೇನೆ. ಅಮೆರಿಕದ ನಡುನಾಡಿನ ಬಯಲುಗಳಿಗೆ ಪ್ರೇರಿ ಎನ್ನುತ್ತಾರೆ. ಅದನ್ನೆಲ್ಲ ಉತ್ತು ಗೋಧಿ, ಗೋವಿನಜೋಳ ಬೆಳೆದ ಮೇಲೆ, 1930ರ ದಶಕದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಮ್ಯಾಡಿಸನ್ ಊರಿನಲ್ಲಿ ಹಳೆಯ ಹೊಲವೊಂದಕ್ಕೆ ಮತ್ತೆ ಪ್ರೇರಿಯ ಹುಲ್ಲು, ಹೂಗಿಡ ತಂದು ನೆಟ್ಟರು. ಅದಕ್ಕೀಗ ಕರ್ಟಿಸ್ ಪ್ರೇರಿ ಎಂದು ಹೆಸರು. ತೊಂಬತ್ತು ವರ್ಷವಾಗುತ್ತ ಬಂತು. ಕಾಲಕಾಲಕ್ಕೆ ಬೇಕೆಂದೇ ಬೆಂಕಿ ಕೊಡುತ್ತಾರೆ, ಕಳೆ ಕೀಳುತ್ತಾರೆ. ಈಗಲೂ ಹೊರಗಿನಿಂದ ಬಂದ ಹುಲ್ಲಿನ ಜೊತೆ ಗುದ್ದಾಟ ಮುಗಿದಿಲ್ಲ. ಅಲ್ಲಿ ಇಂಥ ಬಯಲಿನ ಪಕ್ಕ ಮನೆ ಮಾಡಿದವರು ಗಿಡ ತರುವ ಮುಂಚೆ ಇದು ಬಯಲಿಗೆ ಹಾರುತ್ತದೆಯೇ ಎಂದು ಕೇಳಿಕೊಳ್ಳಬೇಕು. ನಮ್ಮ ಮಡ್ಡಿಯನ್ನು ಯಾರೂ ಮರಳಿ ನೆಟ್ಟಿಲ್ಲ, ಅದು ಇನ್ನೂ ಅಲ್ಲೇ ಇದೆ. ಆದ್ದರಿಂದ ಆ ಪ್ರಶ್ನೆ ನಮಗೆ ಇನ್ನಷ್ಟು ಅಗ್ಗದ್ದು.

ನಮ್ಮಲ್ಲಿ ಹೀಗೆ ಅಂಗಳದಿಂದ ಹಾರಿಹೋದವರ ಪಟ್ಟಿ ಉದ್ದವಿದೆ. ಲಂಟಾನವನ್ನು ಬ್ರಿಟಿಷರು ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ತಂದದ್ದು ತೋಟದ ಅಂದಕ್ಕಾಗಿ, ಬೇಲಿಗಾಗಿ. ಹಣ್ಣು ತಿಂದ ಪಿಕಳಾರ ಹಕ್ಕಿ ಅದನ್ನು ದೇಶದ ತುಂಬ ಬಿತ್ತಿತು. ಅದರ ಎಲೆ ತಿಂದ ದನ, ಕುರಿಗಳ ಯಕೃತ್ತು ಕೆಡುತ್ತದೆ, ಬಿಸಿಲಿಗೆ ಮೈ ಚರ್ಮ ಒಡೆಯುತ್ತದೆ. ಕೆರೆಯನ್ನು ಮುಚ್ಚುವ ಜಲಕುಂಭಿಯೂ ನೀಲಿ ಹೂವಿನ ಚಂದಕ್ಕೇ ದಕ್ಷಿಣ ಅಮೆರಿಕದಿಂದ ಬಂದದ್ದು. ಇನ್ನು ಕಾಂಗ್ರೆಸ್ ಕಸವನ್ನು ಯಾರೂ ಚಂದಕ್ಕೆ ತರಲಿಲ್ಲ. ಅಮೆರಿಕದ ಗೋಧಿಯ ಜೊತೆ ಬಂತೆಂದು ಹೇಳುತ್ತಾರೆ. 1950ರ ದಶಕದಲ್ಲಿ ನಮ್ಮ ನೆರೆಯ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಅದನ್ನು ತಿನ್ನಲೆಂದು 1980ರ ದಶಕದಲ್ಲಿ ಮೆಕ್ಸಿಕೋದಿಂದ ಒಂದು ಜಾತಿಯ ದುಂಬಿ ತರಿಸಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಎಲೆಯ ಮೇಲೆ ಕಂದು ಗೆರೆಯ ಬೆನ್ನಿನ ಪುಟ್ಟ ದುಂಬಿ ಕಂಡರೆ ಹೊಡೆಯಬೇಡಿ, ಅದು ನಮ್ಮ ಕೂಲಿಯಾಳು.

ಹುಳು ಬಿಟ್ಟು ಗಿಡ ಅಡಗಿಸುವುದು ಹೊಸ ವಿದ್ಯೆಯೂ ಅಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಹೊಲದ ಬೇಲಿಗೆಲ್ಲ ಪಾಪಾಸುಕಳ್ಳಿ ಇತ್ತು. ಅದೂ ಅಮೆರಿಕ ಖಂಡದ್ದೇ. 1795ರಲ್ಲಿ ಕುಂಪಣಿಯವರು ಕೆಂಪು ಬಣ್ಣ ತೆಗೆಯುವ ಆಸೆಯಿಂದ ಬ್ರೆಝಿಲ್‌ನಿಂದ ಕಳ್ಳಿಯ ಹುಳು ತರಿಸಿದರು. ಬಂದದ್ದು ಬೇರೆ ಜಾತಿಯ ಹುಳು. ಬಣ್ಣ ಸಿಗಲಿಲ್ಲ, ಹುಳು ಒಂದು ಜಾತಿಯ ಕಳ್ಳಿಯನ್ನು ತಿಂದು ಮುಗಿಸಿತು. ಮಿಕ್ಕ ಜಾತಿಗೆ 1926ರ ಸುಮಾರಿಗೆ ಇನ್ನೊಂದು ಹುಳು ಬಂತು. ಜಗತ್ತಿನಲ್ಲಿ ಹುಳುವಿನಿಂದ ಕಳೆ ಅಡಗಿಸಿದ ಮೊದಲ ಕಥೆಗಳಲ್ಲಿ ಇದೂ ಒಂದು, ಅದೂ ತಪ್ಪು ಹುಳು ಬಂದದ್ದರಿಂದ ಆದದ್ದು.

ಇಷ್ಟು ಕೇಳಿ, ಪರದೇಶದ ಗಿಡವೆಲ್ಲ ಕೆಟ್ಟದ್ದು ಎಂದುಕೊಳ್ಳಬೇಡಿ. ಹಾಗಂದರೆ ನಾಳೆಯಿಂದ ಮೆಣಸಿನಕಾಯಿ ಬಿಡಬೇಕು, ಶೇಂಗಾ ಹಿಂಡಿ ಬಿಡಬೇಕು, ಗೋವಿನಜೋಳ ಬಿಡಬೇಕು. ದೀಪಾವಳಿಯ ಚೆಂಡುಹೂ ಕೂಡ ಮೆಕ್ಸಿಕೋದ್ದು. ಶೇಂಗಾ ಇಲ್ಲದೆ ನಮ್ಮ ಕಡೆ ಊಟವೇ ಇಲ್ಲ. ಇವೆಲ್ಲ ಬಿತ್ತಿದಲ್ಲಿ ಬೆಳೆಯುವ ಗಿಡಗಳು. ಬಿತ್ತದಲ್ಲಿ ಬೆಳೆಯುವ ಗಿಡದ ಬಗ್ಗೆ ನನ್ನ ಮಾತು.

ಬನ್ನಿ ಮತ್ತು ಬಳ್ಳಾರಿ ಜಾಲಿಯನ್ನೇ ನೋಡಿ. ಒಂದೇ ಮನೆತನದ ಗಿಡಗಳು. ಬನ್ನಿ ನಮ್ಮದು. ದಸರೆಯ ದಿನ ಅದರ ಎಲೆಯನ್ನು ಕೈಗೆ ಕೊಟ್ಟು 'ಬಂಗಾರ ತಗೊಂಡು ಬಂಗಾರದಂಗ ಇರೂಣು' ಎನ್ನುತ್ತೇವೆ. ಹೊಲದ ನಡುವೆ ಒಂದು ಬನ್ನಿ ಇದ್ದರೆ ಅದರ ಬುಡದ ತನಕ ಜೋಳ ಬೆಳೆಯುತ್ತದೆ. ಬಳ್ಳಾರಿ ಜಾಲಿ ಅಮೆರಿಕದ ಕಡೆಯದು, 1877ರ ಸುಮಾರಿಗೆ ಬಂದದ್ದು. ಕಾಯಿ ಸಿಹಿ. ಆಡು, ಕುರಿ ತಿಂದು ಹೋದಲ್ಲೆಲ್ಲ ಹಿಕ್ಕೆಯ ಜೊತೆ ಬೀಜ ಹಾಕುತ್ತವೆ, ಗೊಬ್ಬರ ಸಮೇತ. ಕಡಿದರೆ ಬುಡದಿಂದ ಹತ್ತು ಕವಲು ಏಳುತ್ತದೆ. ಉರುವಲು ಕೊಟ್ಟಿತು, ಇಲ್ಲ ಎನ್ನುವುದಿಲ್ಲ, ಬಡವರ ಒಲೆ ಅದರಿಂದ ಉರಿದಿದೆ. ಆದರೆ ಅದು ಹೊಕ್ಕ ಮಡ್ಡಿಯಲ್ಲಿ ಹುಲ್ಲು ಉಳಿಯುವುದಿಲ್ಲ.

ಹಾಗಾಗಿ ನರ್ಸರಿಗೆ ಹೋದಾಗ ನಾನು ಈಗ ಹೂವನ್ನು ನೋಡುವುದು ಆಮೇಲೆ. ಮೊದಲು ಬೀಜ ಹೇಗೆ ಪಯಣ ಮಾಡುತ್ತದೆ ಎಂದು ಕೇಳುತ್ತೇನೆ. ಗಾಳಿಗೆ ಹಾರುವಂಥದೋ, ಉಣ್ಣೆಗೆ ಅಂಟುವಂಥದೋ, ಹಕ್ಕಿ ನುಂಗುವ ಹಣ್ಣೋ? ಕತ್ತರಿಸಿ ಒಗೆದ ತುಂಡು ಬೇರು ಬಿಡುತ್ತದೆಯೋ? ನೆಟ್ಟ ವರ್ಷವೇ ಬೀಜ ಕಟ್ಟುತ್ತದೆಯೋ? ಅಂಗಡಿಯವರಿಗೆ ಇದು ಗೊತ್ತಿರುವುದಿಲ್ಲ, ಕೇಳಿದರೆ ನಗುತ್ತಾರೆ. ಆಗ ದಾರಿಯ ಎರಡೂ ಬದಿ ನೋಡುತ್ತ ಮನೆಗೆ ಬರುತ್ತೇನೆ. ಯಾರೂ ಹಚ್ಚದ ಜಾಗದಲ್ಲಿ ಆ ಗಿಡ ಕಂಡರೆ ಉತ್ತರ ಸಿಕ್ಕ ಹಾಗೆಯೇ. ಬೋಳು ರಸ್ತೆಯ ಅಂಚಿನಲ್ಲಿ ಸುಬಾಬುಲ್ ಸಾಲು, ಹಳದಿ ಗಂಟೆಹೂವಿನ ಟೆಕೋಮಾ, ಕಿತ್ತಳೆ ಬಣ್ಣದ ಕಾಸ್ಮಾಸ್ ಕಂಡಿಲ್ಲವೇ? ನೆಲ ಮುಚ್ಚಲೆಂದು ಕೊಡುವ ಹಳದಿ ಹೂವಿನ ವೆಡೇಲಿಯಾ ಬಳ್ಳಿ ಒಂದು ಗಿಣ್ಣಿದ್ದರೆ ಬದುಕುತ್ತದೆ. ಬಂಡೀಪುರ, ನಾಗರಹೊಳೆಯ ಕಡೆ ಕಾಡಿಗೆ ನುಗ್ಗಿರುವ ಹಳದಿ ಹೂವಿನ ಸೆನ್ನಾ ಮರವೂ ಅಲಂಕಾರಕ್ಕೆ ಬಂದದ್ದೇ.

ಬದಲಿಗೆ ಏನು ಹಚ್ಚಬೇಕು? ನಾನು ಹಚ್ಚಿದ್ದನ್ನು ಹೇಳುತ್ತೇನೆ.

ಬೇಲಿಗೆ ಕವಳಿ. ಬ್ಯಾಸಗಿ ಕೊನೆಗೆ ಸಂತೆಯಲ್ಲಿ ಎಲೆಯ ದೊನ್ನೆಯಲ್ಲಿಟ್ಟು ಮಾರುತ್ತಾರಲ್ಲ, ಕಪ್ಪು ಹಣ್ಣು, ತಿಂದರೆ ತುಟಿಗೆ ಅಂಟುವ ಹಾಲು, ಅದೇ ಕವಳಿ. ಮಡ್ಡಿಯದೇ ಗಿಡ. ಕವಲೊಡೆದ ಮುಳ್ಳು, ಆಡು ತಲೆ ಹಾಕುವುದಿಲ್ಲ. ಬಿಳಿ ಚುಕ್ಕೆ ಹೂವಿಗೆ ಮಲ್ಲಿಗೆಯ ನಂಟಿನ ಪರಿಮಳ. ಒಂದು ದೊನ್ನೆ ಹಣ್ಣು ತಿಂದು ಬೀಜವನ್ನು ಅವತ್ತೇ ಊರಬೇಕು. ಒಣಗಿಸಿ ಡಬ್ಬಿಯಲ್ಲಿ ಇಟ್ಟರೆ ಮೊಳೆಯುವ ಶಕ್ತಿ ಬೇಗ ಹೋಗುತ್ತದೆ. ನನ್ನ ಮೊದಲ ವರ್ಷದ್ದು ಹಾಗೇ ಹಾಳಾಯಿತು.

ಹೂವಿನ ಪೊದೆಗೆ ತಂಗಡಿ. ಕೆಲವರು ಆವರಿಕೆ ಎನ್ನುತ್ತಾರೆ. ಸಮಗಾರರು ತೊಗಲು ಹದ ಮಾಡಲು ಇದರ ತೊಗಟೆ ಬಳಸುತ್ತಿದ್ದರು. ನೀರಿಲ್ಲದ ನೆಲದಲ್ಲಿ ಇಷ್ಟು ಹಳದಿ ಎಲ್ಲಿಂದ ತರುತ್ತದೋ! ದನ, ಆಡು ಇದನ್ನು ಅಷ್ಟಾಗಿ ಮುಟ್ಟುವುದಿಲ್ಲ. ಬೀಜದ ಸಿಪ್ಪೆ ಗಟ್ಟಿ. ಬೆಚ್ಚಗಿನ ನೀರಿನಲ್ಲಿ ರಾತ್ರಿ ನೆನೆಹಾಕಿ ಮಿರಗದ ಮಳೆಗೆ ಊರಿದರೆ ಸಾಕು. ಇದು ಮಡ್ಡಿಗೆ ದಾಟಿದರೂ ತವರಿಗೆ ಹೋದ ಹಾಗೆ.

ದೇವರ ಜಗುಲಿಗೆ ಹೂವು ಬೇಕಲ್ಲ ಎನ್ನುತ್ತೀರಿ. ದುಂಡುಮಲ್ಲಿಗೆ ಇದೆ, ಅದು ಬೀಜ ಕಟ್ಟುವುದು ಅಪರೂಪ, ಕಡ್ಡಿ ಊರಿಯೇ ಬೆಳೆಸಬೇಕು. ಸುತ್ತು ಎಸಳಿನ ದಾಸವಾಳವೂ ಹಾಗೆಯೇ. ಕಾಗದದ ಹೂವಿನ ಬೋಗನ್‌ವಿಲ್ಲಾ ದೂರದೇಶದ್ದಾದರೂ ಗೋಡೆ ಬಿಟ್ಟು ಹೋಗುವ ಸ್ವಭಾವ ಅದಕ್ಕಿಲ್ಲ. ಗೋರಂಟಿ, ಕಣಗಿಲೆ, ಮದರಂಗಿ ನಮ್ಮ ಅವ್ವಂದಿರ ಕಾಲದಿಂದ ಹಿತ್ತಲಲ್ಲೇ ಇವೆ. ಕಣಗಿಲೆ ವಿಷ, ಮಕ್ಕಳಿರುವ ಮನೆಯವರು ಎಚ್ಚರ. ಅಂಗಳಕ್ಕೆ ಹಸಿರು ಹಾಸು ಬೇಕೆಂದರೆ ಗಣಪ್ಪನ ಕರಕಿಯೇ ಸಾಕು.

ಮೂಡಲಗಿ ಕಡೆಯ ಕೇಳುಗರ ಮಾತು ಬೇರೆ. ನಿಮ್ಮದು ಎರಿ ಭೂಮಿ, ಧುಪದಾಳದ ಒಡ್ಡಿನಿಂದ ಹೊರಟ ಘಟಪ್ರಭಾ ಎಡದಂಡೆ ಕಾಲುವೆಯ ನೀರು, ಕಬ್ಬು. ಮಡ್ಡಿ ಉಳಿದದ್ದು ಕಡಿಮೆ. ನಿಮ್ಮ ಮನೆಯ ಗಿಡ ಕಾಲುವೆಗೆ ಹೋಗದಂತೆ ನೋಡಬೇಕು. ತೊಟ್ಟಿಯಲ್ಲಿ ಚಂದಕ್ಕೆ ಬಿಟ್ಟ ಜಲಕುಂಭಿಯ ಒಂದು ಗಿಡ ಕಾಲುವೆಗೆ ಬಿದ್ದರೆ ಮುಂದಿನ ಊರಿನವರು ಜೆಸಿಬಿ ತರಬೇಕಾಗುತ್ತದೆ. ತೊಟ್ಟಿಗೆ ನೈದಿಲೆ ಬಿಡಿ. ಕಾಲುವೆ ದಂಡೆಯ ಮೇಲೆ ತಿಳಿನೇರಳೆ ಹೂವಿನ ಒಂದು ಪೊದೆ ಇದೆ, ಮರಾಠಿ ಮಂದಿ ಅದಕ್ಕೆ ಬೇಶರಮ ಎನ್ನುತ್ತಾರೆ. ಕಿತ್ತು ಒಗೆದಲ್ಲೇ ಬೇರು ಬಿಡುತ್ತದೆ. ಗಿಡಕ್ಕೆ ಇಷ್ಟು ಸರಿಯಾದ ಹೆಸರು ಇನ್ನೊಂದಿಲ್ಲ.

ಹುಕ್ಕೇರಿಯವರು ನೀರಿನ ಮೇಲ್ಗಡೆ ಇದ್ದೀರಿ. ಹಿಡಕಲ್ ಜಲಾಶಯದ ದಂಡೆಯಲ್ಲಿ ಬೇರು ಬಿಟ್ಟದ್ದು ಹರಿದು ಬರುವುದು ಗೋಕಾಕಕ್ಕೇ. 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಲೋಳಸೂರ ಸೇತುವೆ ಮುಳುಗಿ ಗೋಕಾಕದ ಓಣಿಗಳಲ್ಲಿ ನೀರು ನಿಂತದ್ದು ಎಲ್ಲರಿಗೂ ನೆನಪಿದೆ. ನೀರು ಇಳಿದ ಮೇಲೆ ರಾಡಿ ಬಳಿದೆವು. ಆ ರಾಡಿಯಲ್ಲಿ ಯಾವ ಯಾವ ಊರಿನ ಬೀಜವಿತ್ತೋ. ಮರುವರ್ಷ ನದಿಪಾತ್ರದ ನಮ್ಮ ನೆಂಟರ ಹಿತ್ತಲಲ್ಲಿ ಮೊದಲು ಕಾಣದ ಮೂರು ಜಾತಿಯ ಕಸ ಎದ್ದಿತ್ತು. ನಡುವೆ ಧುಪದಾಳದಲ್ಲಿ ಸುಮಾರು 30 ಚದರ ಕಿಲೋಮೀಟರಿನ ಪಕ್ಷಿಧಾಮವೂ ಇದೆ, 1974ರಲ್ಲಿ ಘೋಷಣೆಯಾದದ್ದು. ಚಳಿಗಾಲಕ್ಕೆ ಕರ್ಕರ ಕೊಕ್ಕರೆಗಳು ಮಧ್ಯ ಏಷ್ಯಾದಿಂದ ಹಾರಿ ಬರುವ ಜಾಗ. ಅವು ಇಳಿಯಲು ತೆರೆದ ದಂಡೆ ಬೇಕು, ಪೊದೆ ಮುಚ್ಚಿದ ದಂಡೆಯಲ್ಲ.

ಇನ್ನೊಂದು ಚಿಕ್ಕ ವಿಷಯ, ಆದರೆ ಬಹಳ ಜನ ತಪ್ಪುವುದು ಇಲ್ಲೇ. ಕತ್ತರಿಸಿದ ಕೊಂಬೆ, ಕಿತ್ತ ಗಿಡವನ್ನು ಗೋಡೆಯಾಚೆ ಒಗೆಯಬೇಡಿ. ಮಡ್ಡಿ ನಮ್ಮ ತಿಪ್ಪೆಯಲ್ಲ. ಬೀಜವಿದ್ದ ಕಸವನ್ನು ತಿಪ್ಪೆಗೂ ಹಾಕಬೇಡಿ, ಗೊಬ್ಬರದ ಜೊತೆ ಹೊಲಕ್ಕೆ ಹೋಗುತ್ತದೆ. ಕಲ್ಲಿನ ಮೇಲೆ ಬಿಸಿಲಿಗೆ ಹರವಿ ಗರಿಗರಿ ಒಣಗಿಸಿ, ತೆನೆಯನ್ನು ಮಾತ್ರ ಚೀಲದಲ್ಲಿ ಕಟ್ಟಿ ಸುಡಿ. ಕಾಂಗ್ರೆಸ್ ಕಸ ಕೀಳುವುದಾದರೆ ಹೂ ಬಿಡುವ ಮೊದಲು, ಕೈಗೆ ಚೀಲ ಸುತ್ತಿಕೊಂಡು. ಅದರ ತುರಿಕೆ ನನಗೆ ಗೊತ್ತು.

ನನ್ನ ಆರು ಕುಂಡದ ಹುಲ್ಲನ್ನು ಅಜ್ಜ ಹೇಳಿದ ವಾರವೇ ಬುಡಸಮೇತ ತೆಗೆದೆ. ಮಡ್ಡಿಯ ಹನ್ನೊಂದನ್ನೂ ಗುದ್ದಲಿ ಹಿಡಿದು ಅಗೆದೆ. ಆದರೆ ಅದರ ಬೀಜ ಮಣ್ಣಿನಲ್ಲಿ ಆರೇಳು ವರ್ಷ ಜೀವ ಹಿಡಿದಿರುತ್ತದೆ. ಇದು ನಾಲ್ಕನೆಯ ಮಳೆಗಾಲ. ಪ್ರತಿ ವರ್ಷ ನಾಗರಪಂಚಮಿ ಮುಗಿದ ಮೇಲೆ ಒಂದು ಚೀಲ, ಒಂದು ಕುರ್ಚಿಗಿ ಹಿಡಿದು ಮಡ್ಡಿ ಸುತ್ತುತ್ತೇನೆ. ಮೊದಲ ವರ್ಷ ಇಪ್ಪತ್ತಕ್ಕೂ ಹೆಚ್ಚು ಸಸಿ ಸಿಕ್ಕವು. ಹೋದ ವರ್ಷ ಏಳು. ಈ ಸಲ ಮೂರು. ಮೂರನೆಯದನ್ನು ತೋರಿಸಿಕೊಟ್ಟವರು ಅದೇ ಅಜ್ಜ. ಕುರಿ ಬಿಟ್ಟು ಹೋದ ಹಸಿರು ಎಲ್ಲಿದೆ ಎಂದು ನೋಡಿದರೆ ಸಾಕು, ಅದೇ ನಿಮ್ಮದು ಅಕ್ಕಾರ, ಎಂದರು.